ಬೆನ್ನಿನ ಮೇಲಿನ ಅಂಕಿ

ಕನ್ನಡ ಪಾಠ ಹೇಳುವ ಮೇಷ್ಟರಿಗೂ ಕಾಲ್ಚೆಂಡಿನ ಆಟಕ್ಕೂ ಎಲ್ಲಿಯ ನಂಟು ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನಂಟೇನೂ ಇರಲಿಲ್ಲ, ಅದು ಉಂಟಾದದ್ದು ಒಂದು ಜ್ವರದ ದೆಸೆಯಿಂದ. ಜ್ವರ ಬಂದದ್ದು ನನಗಲ್ಲ, ನಮ್ಮ ಶಾಲೆಯ ಡ್ರಿಲ್ ಮೇಷ್ಟರಿಗೆ. ಜಿಲ್ಲಾಮಟ್ಟದ ಪಂದ್ಯಗಳಿಗೆ ಹುಡುಗರನ್ನು ಕರೆದೊಯ್ಯಬೇಕಾದ ಹಿಂದಿನ ದಿನವೇ ಅವರು ಹಾಸಿಗೆ ಹಿಡಿದರು. ಮುಖ್ಯೋಪಾಧ್ಯಾಯರು ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ಸುತ್ತ ನೋಡಿ, "ಪಂಡಿತರೇ, ತಾವು ಹೋಗಿಬನ್ನಿ. ಆಡುವವರು ಹುಡುಗರು, ತಾವು ಜೊತೆಗಿದ್ದರೆ ಸಾಕು" ಎಂದರು. ಹಳಗನ್ನಡದ ಪಠ್ಯವೊಂದನ್ನು ಚೀಲಕ್ಕೆ ಹಾಕಿಕೊಂಡು ನಾನು ಬಸ್ಸು ಹತ್ತಿದೆ.

ಆ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ತಂಡಕ್ಕೆ ಹನ್ನೊಂದು ಹಳದಿ ಅಂಗಿಗಳನ್ನು ಹೊಲಿಸಿಕೊಟ್ಟಿದ್ದರು. ಒಂದೊಂದರ ಬೆನ್ನಿನ ಮೇಲೂ ದೊಡ್ಡದಾಗಿ ಬರೆದ ಅಂಕಿ, 1ರಿಂದ 11ರವರೆಗೆ. ಬಸ್ಸು ಊರ ಗಡಿ ದಾಟುವ ಮೊದಲೇ ಹಿಂದಿನ ಸೀಟುಗಳಲ್ಲಿ ಜಗಳ ಹತ್ತಿತು. 10ರ ಅಂಗಿ ತನಗೆ ಬೇಕೆಂದು ನಾಲ್ವರು, 7 ಬೇಕೆಂದು ಮೂವರು. 2, 3, 4ನ್ನು ಕೇಳುವವರೇ ಇಲ್ಲ. "ಎಲ್ಲ ಒಂದೇ ಬಟ್ಟೆ, ಒಂದೇ ಬಣ್ಣ, ಯಾವುದಾದರೇನ್ರೋ?" ಎಂದೆ. ಛಂದಸ್ಸಿನ ತರಗತಿಯಲ್ಲಿ ಗಣ ತಪ್ಪಿದವನನ್ನು ನಾನು ನೋಡುವ ಹಾಗೆ ಅವರೆಲ್ಲ ನನ್ನನ್ನು ನೋಡಿದರು. "ಹತ್ತು ಮೆಸ್ಸೀದು ಸಾರ್" ಎಂದು ಒಬ್ಬ ತಗ್ಗಿದ ದನಿಯಲ್ಲಿ ಹೇಳಿದ. ನನ್ನ ಅಜ್ಞಾನಕ್ಕೆ ಆತ ಪಟ್ಟ ಮರುಕ ಅದರಲ್ಲಿತ್ತು.

ಅಂದು ಸಂಜೆಯೊಳಗೆ ಈ ಅಂಕಿಗಳ ದೆಸೆಯಿಂದಲೇ ನನ್ನಿಂದ ಒಂದು ತಪ್ಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಆ ತಪ್ಪಿನಿಂದಾಗಿಯೇ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆನೆಂಬುದು ನಿಜ.

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಬಾನುಲಿಯಿಂದಲೇ ಆರಂಭಿಸುವುದು ಉಚಿತ. 1927ರ ಜನವರಿ 22ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ತಂಡಕ್ಕೂ ಶೆಫೀಲ್ಡ್ ಯುನೈಟೆಡ್ ತಂಡಕ್ಕೂ ನಡೆದ ಪಂದ್ಯವನ್ನು ಬಿಬಿಸಿ ಪ್ರಸಾರಮಾಡಿತು. ಇಂಗ್ಲೆಂಡಿನ ಲೀಗ್ ಪಂದ್ಯವೊಂದರ ನೇರ ವಿವರಣೆ ಬಾನುಲಿಯಲ್ಲಿ ಕೇಳಿಬಂದದ್ದು ಅದೇ ಮೊದಲು. ಕಣ್ಣಿಗೆ ಕಾಣದ ಮೈದಾನವನ್ನು ಕೇಳುಗನ ಮನಸ್ಸಿನೊಳಗೆ ಹಾಸುವುದು ಹೇಗೆ? ಆ ಸಂಸ್ಥೆಯ ಕಾರ್ಯಕ್ರಮ ಪತ್ರಿಕೆಯಾದ 'ರೇಡಿಯೊ ಟೈಮ್ಸ್', ನಮ್ಮ ಈ ಪತ್ರಿಕೆಯಂಥದೇ, ಮೈದಾನದ ನಕ್ಷೆಯನ್ನು 8 ಚೌಕಗಳಾಗಿ ಗೆರೆಯೆಳೆದು ಅಚ್ಚುಹಾಕಿತು. ವೇಕ್‌ಲಮ್ ಎಂಬವರು ಆಟವನ್ನು ವರ್ಣಿಸುತ್ತಿದ್ದರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಚೆಂಡು ಯಾವ ಚೌಕದಲ್ಲಿದೆಯೆಂಬುದನ್ನು ಅಂಕಿಯಿಂದ ನಡುನಡುವೆ ಹೇಳುತ್ತಿದ್ದರು. ಕೇಳುಗರು ನಕ್ಷೆಯನ್ನು ಮುಂದಿಟ್ಟುಕೊಂಡು ಬೆರಳು ಸರಿಸುತ್ತ ಆಟ ನೋಡಿದರು. ಹೀಗೆ ಅಂಕಿ ಮೊದಲು ಬಿದ್ದದ್ದು ಹುಲ್ಲಿನ ಮೇಲೆ. ಅದು ಆಟಗಾರನ ಬೆನ್ನೇರುವುದಕ್ಕೆ ಇನ್ನೂ ಒಂದೂವರೆ ವರ್ಷ ಬೇಕಾಯಿತು.

1928ರ ಆಗಸ್ಟ್ 25, ಆ ಋತುವಿನ ಮೊದಲ ಶನಿವಾರ. ಆರ್ಸೆನಲ್ ತಂಡ ಶೆಫೀಲ್ಡ್ ವೆನ್ಸ್‌ಡೇ ತಂಡದೊಡನೆ ಆಡಿದಾಗಲೂ, ಅದೇ ದಿನ ಲಂಡನ್ನಿನಲ್ಲಿ ಚೆಲ್ಸಿ ತಂಡ ಸ್ವಾನ್ಸಿಯೊಡನೆ ಆಡಿದಾಗಲೂ ಅಂಗಿಗಳ ಬೆನ್ನಿನ ಮೇಲೆ ಅಂಕಿಗಳು ಕಂಡವು. ಆರ್ಸೆನಲ್ಲಿನ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಹೊಸದನ್ನು ಕಂಡರೆ ಬಿಡದ ಮನುಷ್ಯ. ದೂರದ ಮೆಟ್ಟಿಲ ಮೇಲೆ ನಿಂತು ನೋಡುವ ಬಡಪಾಯಿಗೆ ಚೆಂಡು ಯಾರ ಕಾಲಿನಲ್ಲಿದೆಯೆಂದು ತಿಳಿಯಲಿ ಎಂಬುದಷ್ಟೇ ಇದರ ಉದ್ದೇಶ. ಮಾರನೆಯ ವರ್ಷ ಚೆಲ್ಸಿಯವರು ಅಂಕಿಯ ಅಂಗಿಗಳನ್ನು ತೊಟ್ಟು ದಕ್ಷಿಣ ಅಮೆರಿಕದ ಪ್ರವಾಸಕ್ಕೆ ಹೋದಾಗ ಅಲ್ಲಿನ ಜನ ಅವರಿಗೆ 'ಲೋಸ್ ನ್ಯೂಮೆರಾಡೋಸ್' ಎಂದು ಅಡ್ಡಹೆಸರಿಟ್ಟರು. ಅಂಕಿ ಹಾಕಿಸಿಕೊಂಡವರು ಎಂದು ಅರ್ಥ. ನಾನಾದರೆ ಇದನ್ನು 'ಅಂಕಿತರು' ಎಂದು ಕನ್ನಡಿಸುತ್ತೇನೆ.

ಇಷ್ಟು ಸರಳವಾದ ಅನುಕೂಲವನ್ನೂ ಲೀಗಿನ ಹಿರಿಯರು ಬೇಗ ಒಪ್ಪಲಿಲ್ಲ. ಇಂಗ್ಲೆಂಡಿನ ಲೀಗಿನಲ್ಲಿ ಅಂಕಿ ಕಡ್ಡಾಯವಾದದ್ದು 1939ರಲ್ಲಿ. ಆ ಹೊತ್ತಿಗೆ ಚಾಪ್‌ಮನ್ ತೀರಿಕೊಂಡು ಐದು ವರ್ಷವಾಗಿತ್ತು. ಸ್ಕಾಟ್‌ಲೆಂಡಿನ ಸೆಲ್ಟಿಕ್ ತಂಡದ ಹಟವಂತೂ ಹೇಳತೀರದು. ತಮ್ಮ ಹಸಿರು-ಬಿಳಿ ಪಟ್ಟೆಯ ಅಂಗಿಯ ಅಂದ ಕೆಡುತ್ತದೆಂದು ಅವರು ಬಹುಕಾಲ ಅಂಕಿಯನ್ನು ಹತ್ತಿರ ಸೇರಿಸಲಿಲ್ಲ. 1960ರಲ್ಲಿ ಒಲ್ಲದ ಮನಸ್ಸಿನಿಂದ ಚಡ್ಡಿಯ ಮೇಲೆ ಹಾಕಿಸಿಕೊಂಡರು. 1967ರಲ್ಲಿ ಲಿಸ್ಬನ್ನಿನಲ್ಲಿ ಇಟಲಿಯ ಇಂಟರ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿನ ಕಪ್ಪನ್ನು ಎತ್ತಿದಾಗಲೂ ಅಂಕಿ ಚಡ್ಡಿಯಲ್ಲೇ ಇತ್ತು. ತಮ್ಮ ನಾಡಿನ ಲೀಗಿನಲ್ಲಿ ಅವರು ಮಣಿದದ್ದು 1994ರಲ್ಲಿ. ಅಂಗಿಯ ವಿಷಯದಲ್ಲಿ ಇಷ್ಟು ಅಭಿಮಾನ ಬೇಕೆ ಎಂದು ನಗಬಹುದು. ನನಗೆ ಮಾತ್ರ ಆ ಹಟ ಮೆಚ್ಚಾಯಿತು.

ಇನ್ನು ಆ ಅಂಕಿಗಳ ಅರ್ಥ. ಆಗಿನ ಕಾಲದ ವ್ಯೂಹದಲ್ಲಿ ಗೋಲು ಕಾಯುವವನೊಬ್ಬ, ಅವನ ಮುಂದೆ ಇಬ್ಬರು, ಅವರ ಮುಂದೆ ಮೂವರು, ಎಲ್ಲರಿಗೂ ಮುಂದೆ ಐವರು. ಗೋಲಿನವನಿಂದ ಎಣಿಸತೊಡಗಿ, ಪ್ರತಿಯೊಂದು ಸಾಲನ್ನೂ ಬಲದಿಂದ ಎಡಕ್ಕೆ ಎಣಿಸುತ್ತ ಹೋದರೆ ಗೋಲಿನವನು 1. ಹಿಂದಿನ ಇಬ್ಬರು 2, 3. ನಡುವಿನ ಮೂವರು 4, 5, 6. ಮುಂದಿನ ಐವರು 7ರಿಂದ 11. ಬಲದಂಚಿನಲ್ಲಿ ಓಡುವವನು 7, ಎಡದಂಚಿನವನು 11, ಇವರ ನಟ್ಟನಡುವೆ ಗೋಲಿಗೆ ನುಗ್ಗುವವನು 9. ಆ 9ರ ಎಡಮಗ್ಗುಲಿನವನೇ 10. ಅಂದರೆ ಇಂದು ನಮ್ಮ ಹುಡುಗರು ಹೊಡೆದಾಡುವ 10 ಎಂಬುದು ಮೊದಲಿಗೆ ಒಂದು ಸ್ಥಳದ ಗುರುತು. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ.

ನಮ್ಮ ದೇಶದಲ್ಲಿ ಈ ಐವರ ಮುಂಸಾಲಿಗೆ ಒಂದು ಸೊಗಸಾದ ಹೆಸರು ಬಿದ್ದುದುಂಟು. 1949ರಿಂದ ನಾಲ್ಕೈದು ವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಕೂಡಿ ಆಡಿದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರನ್ನು ಬಂಗಾಳದ ಜನ 'ಪಂಚಪಾಂಡವರು' ಎಂದು ಕರೆದರು. ಐವರೂ ದಕ್ಷಿಣದವರು. ಅವರಲ್ಲಿ ಅಹಮದ್ ಖಾನರು ನಮ್ಮ ಬೆಂಗಳೂರಿನವರು; 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರ ಆಡಿದವರು. ಅವರ ಸ್ಥಾನ ಒಳ ಎಡ, ಅಂದರೆ ಇಂಗ್ಲೆಂಡಿನ ಲೆಕ್ಕದಲ್ಲಿ 10ರದು. ಪಂಪನನ್ನೂ ಕುಮಾರವ್ಯಾಸನನ್ನೂ ಓದಿಸುವ ನನಗೆ ಈ ಹೆಸರು ಕೇಳಿ ಆದ ಸಂತೋಷವನ್ನು ನೀವು ಊಹಿಸಬಲ್ಲಿರಿ. ಅಹಮದ್ ಖಾನರು ಐವರಲ್ಲಿ ಯಾವ ಪಾಂಡವರೆಂದು ತೀರ್ಮಾನಿಸುವುದರಲ್ಲಿ ಒಂದು ಭಾನುವಾರವೇ ಕಳೆಯಿತು.

ನಮ್ಮ ವ್ಯಾಕರಣದಲ್ಲಿ ವಸ್ತುಗಳ ಹೆಸರಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆ ಹೇಳುತ್ತೇವಷ್ಟೆ. ಮನುಷ್ಯ ಎಂಬುದು ರೂಢನಾಮ; ಬಸವಣ್ಣ ಎಂಬುದು ಅಂಕಿತನಾಮ; ವ್ಯಾಪಾರಿ, ಪಂಡಿತ ಎಂಬಂತೆ ಕೆಲಸದಿಂದಲೋ ಗುಣದಿಂದಲೋ ಬಂದದ್ದು ಅನ್ವರ್ಥನಾಮ. ಆಟಗಾರನ ಅಂಕಿ ಹುಟ್ಟಿದ್ದು ಅನ್ವರ್ಥನಾಮವಾಗಿ. 5 ಎಂದರೆ ನಡುವೆ ನಿಲ್ಲುವವನು; ಇಂದು ಒಬ್ಬ, ನಾಳೆ ಇನ್ನೊಬ್ಬ. ಶಾಸನಗಳ ಕಾಲಗಣನೆಯಲ್ಲಿ ಚಂದ್ರ ಎಂದರೆ 1, ನೇತ್ರವೆಂದರೆ 2, ಬಾಣವೆಂದರೆ 5, ರುದ್ರವೆಂದರೆ 11 ಎಂದು ವಸ್ತುವಿನಿಂದ ಸಂಖ್ಯೆಯನ್ನು ಹೇಳುವ ಪದ್ಧತಿಯಿದೆ. ಮೈದಾನದಲ್ಲಿ ಇದು ತಿರುವುಮುರುವು. ಸಂಖ್ಯೆಯನ್ನು ಹೇಳಿದರೆ ವಸ್ತು ತಿಳಿಯಬೇಕು.

ಆದರೆ ಅನ್ವರ್ಥನಾಮಕ್ಕೆ ಒಂದು ಅಪಾಯವುಂಟು. ಅರ್ಥ ಬದಲಾದರೂ ಹೆಸರು ಉಳಿದುಬಿಡುತ್ತದೆ. 1925ರಲ್ಲಿ ಆಫ್‌ಸೈಡ್ ನಿಯಮವನ್ನು ಸಡಿಲಿಸಿದ ಮೇಲೆ ಗೋಲುಗಳು ಹೆಚ್ಚಿದುವು. ಅದನ್ನು ತಡೆಯಲು ನಡುಸಾಲಿನ ನಡುವಿನವನನ್ನು ಹಿಂದಕ್ಕೆ ಕರೆದು 2, 3ರ ಮಧ್ಯೆ ನಿಲ್ಲಿಸುವ ರೂಢಿ ಬೆಳೆಯಿತು. ಅದರಲ್ಲೂ ಚಾಪ್‌ಮನ್ನನ ಕೈವಾಡ ದೊಡ್ಡದು. ಅದರಿಂದಲೇ ಇಂಗ್ಲೆಂಡಿನಲ್ಲಿ 5 ಎಂದರೆ ಕಾವಲಿನ ಕಂಬ. ಅರ್ಜೆಂಟೀನಾಕ್ಕೆ ಹೋದರೆ 5 ನಡುಮೈದಾನದಲ್ಲೇ ಉಳಿದು ಆಟ ನಡೆಸುವವನು. ಹಿಂದಿನ ಕಾವಲು 2ಕ್ಕೂ 6ಕ್ಕೂ ಸೇರಿದ್ದು. ಬ್ರೆಜಿಲಿನಲ್ಲಿ 6 ಎಂದರೆ ಎಡದ ಹಿಂದಾಳು. ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಇದ್ದ ಹಾಗೆ ಅಂಕಿಗಳಿಗೂ ಪ್ರಾಂತಭೇದ ಬಂತು.

ಅರ್ಥವನ್ನು ನಂಬಿ ಮೋಸಹೋದ ಒಂದು ಪ್ರಸಂಗ ಪ್ರಸಿದ್ಧವಾದುದು. 1953ರ ನವೆಂಬರ್ 25ರಂದು ಹಂಗೆರಿಯ ತಂಡ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಬಂತು. ಬ್ರಿಟಿಷ್ ದ್ವೀಪಗಳ ಹೊರಗಿನ ಯಾವ ದೇಶವೂ ಅಲ್ಲಿ ಇಂಗ್ಲೆಂಡನ್ನು ಸೋಲಿಸಿರಲಿಲ್ಲ. ಹಂಗೆರಿಯ 9ನೆಯ ಅಂಗಿ ತೊಟ್ಟವನು ಹಿಡೆಗ್‌ಕುಟಿ. 9 ಎಂದಮೇಲೆ ಗೋಲಿನೆದುರು ನಿಲ್ಲುವವನು, ಅವನನ್ನು ಕಾಯುವುದು 5ರ ಕೆಲಸ ಎಂಬುದು ಇಂಗ್ಲೆಂಡಿನ ಬಾಲಪಾಠ. ಈ 9 ಮುಂದೆ ನಿಲ್ಲಲೇ ಇಲ್ಲ. ಹಿಂದೆ ಸರಿದು ನಡುಮೈದಾನದಲ್ಲಿ ಅಡ್ಡಾಡತೊಡಗಿದ. ಇಂಗ್ಲೆಂಡಿನ 5 ಹ್ಯಾರಿ ಜಾನ್‌ಸ್ಟನ್. ಬೆನ್ನಟ್ಟಿ ಹೋದರೆ ಗೋಲಿನ ಮುಂದೆ ಬಯಲು. ಹೋಗದೆ ನಿಂತರೆ ಹಿಡೆಗ್‌ಕುಟಿಗೆ ಬಯಲು. ಆತ ಏನು ಮಾಡಬೇಕು? ಮೊದಲ ನಿಮಿಷ ಕಳೆಯುವುದರೊಳಗೆ ಹಿಡೆಗ್‌ಕುಟಿ ಗೋಲು ಹೊಡೆದ. ಮುಗಿಯುವುದರೊಳಗೆ ಮೂರು ಹೊಡೆದಿದ್ದ. ಹಂಗೆರಿ 6, ಇಂಗ್ಲೆಂಡ್ 3. ಹಂಗೆರಿಯ ಹಿಂದಿನ ಸಾಲಿನ ಅಂಕಿಗಳೂ ಇಂಗ್ಲಿಷರ ಕ್ರಮದಲ್ಲಿರಲಿಲ್ಲ. ಅವರ 3 ಹಿಂಸಾಲಿನ ನಡುವೆ ನಿಂತರೆ, 5 ಎಂಬಾತ ಬಲಗಡೆಯ ನಡುವಾಳು. ಕನ್ನಡದಲ್ಲಿ 'ಅಂಕೆ' ಎಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ಅಂದು ಇಂಗ್ಲಿಷರು ಮೊದಲನೆಯದನ್ನು ನೋಡುತ್ತ ಎರಡನೆಯದನ್ನು ಕಳೆದುಕೊಂಡರು.

ಈ ನಡುವೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತಿತ್ತು. ವಿಶ್ವಕಪ್ ಪಂದ್ಯಗಳಲ್ಲಿ ಅಂಕಿ ಮೊದಲು ಕಂಡದ್ದು 1950ರಲ್ಲಿ. 1954ರಿಂದ ಒಂದೊಂದು ದೇಶವೂ ತನ್ನ 22 ಆಟಗಾರರಿಗೆ 1ರಿಂದ 22ರವರೆಗೆ ಅಂಕಿ ಹಂಚಿ, ಇಡೀ ಪಂದ್ಯಾವಳಿಗೆ ಅದನ್ನೇ ಉಳಿಸಿಕೊಳ್ಳಬೇಕೆಂದಾಯಿತು. ಅಲ್ಲಿಯವರೆಗೆ ಸ್ಥಳಕ್ಕೆ ಕಟ್ಟಿದ್ದ ಅಂಕಿ ಅಂದಿನಿಂದ ಮನುಷ್ಯನಿಗೆ ಅಂಟಿಕೊಂಡಿತು; ಆತ ಎಲ್ಲಿ ನಿಂತರೂ ಅದು ಆತನದೇ. ಅನ್ವರ್ಥನಾಮ ಅಂಕಿತನಾಮವಾಗತೊಡಗಿತೆಂದು ನನ್ನ ಅಭಿಪ್ರಾಯ.

1958ರ ವಿಶ್ವಕಪ್ಪಿಗೆ ಬ್ರೆಜಿಲ್ ತನ್ನ ಅಂಕಿಗಳ ಪಟ್ಟಿಯನ್ನು ಕಳುಹಿಸದೆ ಹೋದದ್ದರಿಂದ ಬೇರೆ ಯಾರೋ ಮನಬಂದಂತೆ ಹಂಚಿದರೆಂದು ಒಂದು ಕಥೆ ಹೇಳುತ್ತಾರೆ. ಪಟ್ಟಿಯನ್ನು ನೋಡಿದರೆ ನಂಬುವಂತಿದೆ. ಗೋಲು ಕಾಯುವ ಗಿಲ್ಮಾರನಿಗೆ 3. ಬಲದಂಚಿನ ಗಾರಿಂಚನಿಗೆ 11, ಎಡದಂಚಿನ ಜಗಾಲೊನಿಗೆ 7, ಎಂದರೆ ಎರಡೂ ಅದಲುಬದಲು. 17 ವರ್ಷದ ಒಬ್ಬ ಹುಡುಗನ ಪಾಲಿಗೆ ಬಂದದ್ದು 10. ಸ್ವೀಡನ್ನಿನ ಎದುರು 5-2ರಿಂದ ಗೆದ್ದ ಅಂತಿಮ ಪಂದ್ಯದಲ್ಲಿ ಎರಡು ಗೋಲು ಹೊಡೆದ ಆ ಹುಡುಗನೇ ಪೆಲೆ. ಒಳ ಎಡದ ಗುರುತಾಗಿದ್ದ 10 ಅಂದಿನಿಂದ ಕಿರೀಟವಾಯಿತು. ಹಂಚಿದವರು ಪೆಲೆಗೆ 3ನ್ನೋ 16ನ್ನೋ ಕೊಟ್ಟಿದ್ದರೆ ನಮ್ಮ ಬಸ್ಸಿನ ಹಿಂದಿನ ಸೀಟಿನ ಜಗಳ ಯಾವ ಅಂಕಿಗಾಗಿ ಆಗುತ್ತಿತ್ತೋ!

ಅಂಕಿಯನ್ನು ಅಕಾರಾದಿಯಾಗಿ ಹಂಚಿದವರೂ ಉಂಟೆಂದು ಓದಿದಾಗ ನಿಘಂಟನ್ನು ನೆಚ್ಚಿ ಬದುಕುವ ನನಗೆ ಪರಮಾನಂದವಾಯಿತು. 1974ರಲ್ಲಿ ಹಾಲೆಂಡಿನವರು ಹಾಗೆ ಮಾಡಿದರು. ಗೋಲು ಹೊಡೆಯುವ ಗೀಲ್ಸನಿಗೆ 1 ಬಂತು, ಗೋಲು ಕಾಯುವ ಯೋಂಗ್‌ಬ್ಲೂಡನಿಗೆ 8. ಅವರ ಅಕ್ಷರಮಾಲೆಯ ಪ್ರಕಾರ 1 ಬರಬೇಕಾದದ್ದು ತಂಡದ ನಾಯಕ ಯೋಹಾನ್ ಕ್ರೈಫನಿಗೆ. ಆತ ಮಾತ್ರ ತನ್ನ ಕ್ಲಬ್ಬಿನಲ್ಲಿ ರೂಢಿಯಾಗಿದ್ದ 14ನ್ನು ಬಿಡಲೊಲ್ಲದೆ ಅದನ್ನೇ ತೊಟ್ಟ. ವಿಶ್ವಕಪ್ಪಿನ ಅಂತಿಮ ಪಂದ್ಯದವರೆಗೂ ನಡೆದ ತಂಡದಲ್ಲಿ ಅಕ್ಷರಮಾಲೆಗೆ ಮಣಿಯದವನು ಅವನೊಬ್ಬನೇ. 1982ರಲ್ಲಿ ಅರ್ಜೆಂಟೀನಾದವರೂ ಅಕಾರಾದಿಯನ್ನೇ ಹಿಡಿದರು. ನಡುಮೈದಾನದ ಅರ್ಡಿಲೆಸನಿಗೆ 1, ಗೋಲಿನ ಫಿಲ್ಯೋಲನಿಗೆ 7. ಅಲ್ಲಿಯೂ ಒಬ್ಬನಿಗೆ ವಿನಾಯಿತಿ; ಮರಡೋನನಿಗೆ 10. ಅಪವಾದವಿಲ್ಲದ ಸೂತ್ರ ವ್ಯಾಕರಣದಲ್ಲೇ ಇಲ್ಲ, ಇನ್ನು ಆಟದಲ್ಲಿ ಎಲ್ಲಿಂದ ಬರಬೇಕು?

ಆ ಮರಡೋನನ 10ರ ಕಥೆ ಮುಂದೆ ಹೋಗಿ ನ್ಯಾಯದ ಕಟ್ಟೆಯನ್ನೇ ಏರಿತು. ಆತ ಆಡಿದ ಇಟಲಿಯ ನಾಪೋಲಿ ತಂಡ 2000ದಲ್ಲಿ 10ನ್ನು ಆತನ ಗೌರವಾರ್ಥ ತೆಗೆದಿಟ್ಟಿತು. 2002ರ ವಿಶ್ವಕಪ್ಪಿಗೆ ಅರ್ಜೆಂಟೀನಾ ಕೂಡ ಆ ಅಂಕಿಯನ್ನು ಖಾಲಿ ಬಿಡುತ್ತೇವೆಂದಿತು. 1ರಿಂದ 23ರವರೆಗೆ ಯಾವುದನ್ನೂ ಬಿಡುವಂತಿಲ್ಲವೆಂದು ಫಿಫಾ ಸಂಸ್ಥೆ ಹಟಹಿಡಿದುದರಿಂದ ಕೊನೆಗೆ ಓರ್ತೆಗಾ ಎಂಬಾತ ಅದನ್ನು ತೊಟ್ಟ. ಅರ್ಜೆಂಟೀನಾದವರ ಬೇಡಿಕೆ ನನಗೆ ಪೂರ್ತಿ ಒಪ್ಪಿಗೆಯಲ್ಲ. ಕವಿಚಕ್ರವರ್ತಿ ಎಂಬ ಬಿರುದು ಪೊನ್ನನಿಗೆ ಸಂದಿತೆಂದು ಅಲ್ಲಿಗೇ ನಿಲ್ಲಿಸಿದ್ದರೆ ರನ್ನನಿಗೂ ಜನ್ನನಿಗೂ ಅದು ಎಲ್ಲಿ ಸಿಗುತ್ತಿತ್ತು? ಅರ್ಜೆಂಟೀನಾದ 10ನ್ನು ಬೀಗ ಹಾಕಿ ಇಟ್ಟಿದ್ದರೆ 2022ರಲ್ಲಿ ಅದನ್ನೇ ತೊಟ್ಟು ಮೆಸ್ಸಿ ವಿಶ್ವಕಪ್ಪನ್ನು ಎತ್ತುತ್ತಿದ್ದುದು ಹೇಗೆ? ಆ ಮೆಸ್ಸಿಯೂ ಬಾರ್ಸಿಲೋನಾದಲ್ಲಿ ಮೊದಲು 30ನ್ನು, ಆಮೇಲೆ 19ನ್ನು ತೊಟ್ಟು, 2008ರಲ್ಲಿ 10ಕ್ಕೆ ಬಂದವನು. ನಮ್ಮ ಹುಡುಗರಿಗೆ ಇದನ್ನು ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

ಗಣಿತದ ಮೇಷ್ಟರಿಗೆ ಹೇಳಿ ನಗಿಸಿದ ಪ್ರಸಂಗವೊಂದಿದೆ. ಇಟಲಿಯ ಇಂಟರ್ ತಂಡದಲ್ಲಿ ಚಿಲಿ ದೇಶದ ಜಮೊರಾನೊ ಎಂಬಾತ 9ನ್ನು ತೊಡುತ್ತಿದ್ದ. 1998ರಲ್ಲಿ ಅದು ಬ್ರೆಜಿಲಿನ ರೊನಾಲ್ಡೊನ ಪಾಲಾಯಿತು. ಜಮೊರಾನೊ 18ರ ಅಂಗಿಯನ್ನು ತೆಗೆದುಕೊಂಡು, 1ಕ್ಕೂ 8ಕ್ಕೂ ನಡುವೆ ಒಂದು ಸಣ್ಣ ಕೂಡುವ ಚಿಹ್ನೆಯನ್ನು ಹಾಕಿಸಿಕೊಂಡು ಆಡಿದ. ಕೂಡಿದರೆ 9! ಒಂದಂಕಿಗಾಗಿ ಇಷ್ಟು ಕಷ್ಟಪಟ್ಟವನನ್ನು ಕಂಡು ನಗು ಬಂದರೂ, ಅಂಕಿ ಇಲ್ಲದೆ ತಾನಿಲ್ಲ ಎಂದು ಒಬ್ಬ ಮನುಷ್ಯನಿಗೆ ಅನ್ನಿಸಿತಲ್ಲಾ ಎಂದು ಸ್ವಲ್ಪ ವ್ಯಸನವೂ ಆಗುತ್ತದೆ. ಎವರ್ಟನ್ ತಂಡದ ಡಿಕ್ಸಿ ಡೀನ್ ಒಂದೇ ಋತುವಿನಲ್ಲಿ ಲೀಗಿನಲ್ಲಿ 60 ಗೋಲು ಹೊಡೆದದ್ದು 1927-28ರಲ್ಲಿ, ಎಂದರೆ ಅಂಕಿ ಬರುವುದಕ್ಕೆ ಹಿಂದಿನ ಋತುವಿನಲ್ಲಿ. ಆ 60ನ್ನೂ ಆತ ಹೊಡೆದದ್ದು ಬರಿಯ ಬೆನ್ನಿನಿಂದ. 1911ರಲ್ಲಿ ಕಲ್ಕತ್ತೆಯಲ್ಲಿ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಶೈರ್ ದಂಡಿನ ತಂಡವನ್ನು ಸೋಲಿಸಿದ ಮೋಹನ್ ಬಾಗಾನಿನವರ ಅಂಗಿಯಲ್ಲಿ ಯಾವ ಅಂಕಿಯಿತ್ತು?

ಡೀನ್‌ನ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1933ರ ಏಪ್ರಿಲ್ 29ರಂದು ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಎವರ್ಟನ್ನಿನವರು 1ರಿಂದ 11ನ್ನೂ, ಎದುರಾಳಿ ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22ನ್ನೂ ತೊಟ್ಟು ಆಡಿದರು. ಡೀನ್ 9, ಸಿಟಿಯ ಗೋಲು ಕಾಯುವವನು 22. ಎವರ್ಟನ್ 3-0ರಿಂದ ಗೆದ್ದಿತು. ಇದಾಗಿ 70 ವರ್ಷಕ್ಕೆ, 2003ರ ಜೂನ್ 26ರಂದು, ಕ್ಯಾಮೆರೂನ್ ದೇಶದ ಮಾರ್ಕ್ ವಿವಿಯನ್ ಫೋಯೆ ಎಂಬ 28 ವರ್ಷದ ಆಟಗಾರ ಫ್ರಾನ್ಸಿನ ಲಿಯೋನ್ ನಗರದಲ್ಲಿ ತನ್ನ ದೇಶದ ಪರ ಆಡುತ್ತಿದ್ದಾಗಲೇ ಮೈದಾನದಲ್ಲಿ ಕುಸಿದು ತೀರಿಕೊಂಡ. ಆ ವರ್ಷ ಆತ ಆಡಿದ್ದು ಮ್ಯಾಂಚೆಸ್ಟರ್ ಸಿಟಿಗೆ. ಆ ತಂಡದ ಹಳೆಯ ಮೈನ್ ರೋಡ್ ಮೈದಾನದಲ್ಲಿ ಸಿಟಿಯ ಕಟ್ಟಕಡೆಯ ಗೋಲನ್ನು ಹೊಡೆದವನೂ ಆತನೇ. ಆತನ ಅಂಕಿ 23. ಸಿಟಿಯವರು ಅದನ್ನು ತೆಗೆದಿಟ್ಟರು. ಇಲ್ಲಿ ಮಾತ್ರ ನನ್ನ ತಕರಾರಿಲ್ಲ. ಕೀರ್ತಿಗಾಗಿ ಅಂಕಿಯನ್ನು ಮುಚ್ಚಿಡುವುದು ಬೇರೆ, ಆಡುತ್ತಲೇ ಹೋದವನ ಜಾಗವನ್ನು ಖಾಲಿ ಬಿಡುವುದು ಬೇರೆ.

ಅಂಕಿತ ಎಂಬ ಮಾತಿಗೆ ನಮ್ಮಲ್ಲಿ ಇನ್ನೂ ಒಂದು ಅರ್ಥವುಂಟಲ್ಲ. ವಚನದ ಕೊನೆಗೆ ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಕೀರ್ತನೆಯ ಕೊನೆಗೆ ಪುರಂದರವಿಠಲ ಎಂದು ಬಂದರೆ ಪುರಂದರದಾಸರದು ಎಂದು ತಿಳಿಯುತ್ತೇವೆ. ಆದರೆ ಓಲೆಗರಿಗಳನ್ನು ಶೋಧಿಸುವ ವಿದ್ವಾಂಸರನ್ನು ಕೇಳಿ: ಒಬ್ಬರು ಹೇಳಿದ್ದು ಇನ್ನೊಬ್ಬರ ಅಂಕಿತದಲ್ಲಿ ಸೇರಿಹೋಗಿರುವ ಪ್ರಸಂಗಗಳು ಎಷ್ಟೋ. ಲಿಪಿಕಾರನೊಬ್ಬನ ಅಜಾಗರೂಕತೆ ಸಾಕು, ಹೇಳಿದವನ ಹೆಸರು ಅಳಿಸಿಹೋಗುವುದಕ್ಕೆ.

ನಾನು ಅಂದು ಮಾಡಿದ್ದೂ ಅಂಥ ಲಿಪಿಕಾರನ ಕೆಲಸವನ್ನೇ. ಪಂದ್ಯಕ್ಕೆ ಮೊದಲು ಮೇಜಿನ ಬಳಿ ತಂಡದ ಪಟ್ಟಿ ಕೇಳಿದರು. ನನ್ನ ಅಕ್ಷರ ದುಂಡಗಿದೆಯೆಂದು ನನಗೆ ಸ್ವಲ್ಪ ಹೆಮ್ಮೆ. 1ರಿಂದ 11ರವರೆಗೆ ಅಂಕಿ ಹಾಕಿ ಎದುರಿಗೆ ಹೆಸರು ಬರೆದು ಕೊಟ್ಟೆ. ಹನ್ನೆರಡನೆಯವನೊಬ್ಬ ಬಂದಿದ್ದ, ಒಂಬತ್ತನೆಯ ತರಗತಿಯ ಸಣ್ಣ ಹುಡುಗ. ಅವನಿಗೆ ಅಂಗಿಯಿಲ್ಲದ್ದರಿಂದ ಅವನ ಹೆಸರನ್ನೂ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ.

ಎರಡನೆಯ ಅರ್ಧದಲ್ಲಿ ನಮ್ಮ 7ರ ಹುಡುಗನ ಕಾಲು ಉಳುಕಿತು. ಹೊರಕ್ಕೆ ಬಂದ ಅವನ ಅಂಗಿಯನ್ನೇ ಬಿಚ್ಚಿಸಿ, ಬೆವರಿನಿಂದ ಒದ್ದೆಯಾದದ್ದನ್ನು ಹಾಗೆಯೇ ಈ ಸಣ್ಣವನಿಗೆ ತೊಡಿಸಿ ಕಳಿಸಿದೆವು. ಅದು ಅವನ ತೊಡೆಯವರೆಗೂ ಇಳಿಯಿತು. ಬದಲಿ ಆಟಗಾರನ ಹೆಸರನ್ನು ಚೀಟಿಯಲ್ಲಿ ಬರೆದು ಮೇಜಿಗೆ ಕೊಡಬೇಕೆಂಬುದು ಡ್ರಿಲ್ ಮೇಷ್ಟರಿಗೆ ಗೊತ್ತಿರುವ ವಿಷಯ, ನನಗಲ್ಲ. ಆಟ ಮುಗಿಯಲು ಐದಾರು ನಿಮಿಷವಿದ್ದಾಗ ಎಡಗಡೆಯಿಂದ ಬಂದ ಚೆಂಡನ್ನು ಆ ಹುಡುಗ ಗೋಲಿಗೆ ತಳ್ಳಿದ. ಪಂದ್ಯದ ಗೋಲು ಅದೊಂದೇ. ನಾನು ಛತ್ರಿಯನ್ನು ಎಲ್ಲಿ ಎಸೆದೆನೋ ನನಗೇ ತಿಳಿಯದು. ಮೇಜಿನಲ್ಲಿ ಕುಳಿತವರು ಬೆನ್ನನ್ನು ನೋಡಿ 7 ಎಂದು ಬರೆದುಕೊಂಡರು. ಸಂಜೆ ಪಟ್ಟಿಯನ್ನು ನೋಡಿ ಅದರ ಎದುರು ಹೆಸರು ತುಂಬಿದರು. ಮಾರನೆಯ ದಿನದ ಪತ್ರಿಕೆಯಲ್ಲಿ ಆ ಹೆಸರೇ ಬಂತು, ಪ್ರಮಾಣಪತ್ರದಲ್ಲೂ ಅದೇ. ನಾನು ಹೋಗಿ ಕೇಳಿದಾಗ ಅಲ್ಲಿದ್ದವರು ವಿನಯದಿಂದಲೇ ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, "ಬರವಣಿಗೆ ತಮ್ಮದೇ ಅಲ್ಲವೇ ಮೇಷ್ಟ್ರೇ? ಚೀಟಿ ಬರಲೇ ಇಲ್ಲವಲ್ಲ" ಎಂದರು. ಏನು ಹೇಳಲಿ? ಬರವಣಿಗೆ ನನ್ನದೇ, ದುಂಡಗೆ ಚೆನ್ನಾಗಿಯೇ ಇತ್ತು.

ಕಾಲು ಉಳುಕಿದ ಹುಡುಗ ತಾನಾಗಿಯೇ ಕುಂಟುತ್ತ ಬಂದು ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲಿಟ್ಟ. "ಇದು ನಂದಲ್ಲ ಸಾರ್" ಎಂದ. ಇನ್ನೊಬ್ಬನನ್ನು ಕರೆಸಿದೆ. "ಅದರಲ್ಲಿ ನನ್ನ ಹೆಸರಿಲ್ಲವಲ್ಲ ಸಾರ್. ಇರ್ಲಿ ಬಿಡಿ, ಆಡಿದೋರಿಗೆ ಗೊತ್ತು" ಎಂದ. ಮೂರನೆಯ ದಿನ ಅವನ ತಂದೆ ಬಂದರು. ಮಂಡಿಯಲ್ಲಿ ಮೂಟೆ ಹೊರುವವರು. ಮಗ ಹೇಳಿದ್ದನ್ನು ಕೇಳಿ ಪತ್ರಿಕೆಯ ಎರಡು ಪ್ರತಿ ಕೊಂಡು ಒಬ್ಬರ ಕೈಯಲ್ಲಿ ಓದಿಸಿದ್ದರಂತೆ. ಬಾಗಿಲಲ್ಲೇ ನಿಂತು, "ನಮ್ಮ ಹುಡುಗ ಗೋಲು ಹೊಡೆದದ್ದು ದಿಟವಾ ಮೇಷ್ಟ್ರೇ?" ಎಂದು ಕೇಳಿದರು. ಮಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ.

ದಿಟ ಎಂದೆ. ಬಾಯಿಮಾತಿನಲ್ಲಿ ಹೇಳಿದ್ದು ಸಾಲದೆಂದು ಶಾಲೆಯ ಕಾಗದದ ಮೇಲೆ, ಇಂಥ ದಿನ ಇಂಥ ಪಂದ್ಯದ ಏಕೈಕ ಗೋಲನ್ನು ಹೊಡೆದವನು ಇಂಥವನೇ ಎಂದು ಬರೆದು, ಮುಖ್ಯೋಪಾಧ್ಯಾಯರ ರುಜುವನ್ನೂ ಮೊಹರನ್ನೂ ಹಾಕಿಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ಮಗನ ತಲೆಯ ಮೇಲೊಮ್ಮೆ ಕೈಯಿಟ್ಟು, ಮಂಡಿಗೆ ಹೊತ್ತಾಯಿತೆಂದು ಹೊರಟುಹೋದರು.

ಈಗ ನಮ್ಮಲ್ಲಿ ಹದಿನಾಲ್ಕು ಅಂಗಿಗಳಿವೆ. ಡ್ರಿಲ್ ಮೇಷ್ಟರು ಆರೋಗ್ಯವಾಗಿದ್ದಾರೆ. ಆದರೂ ಪಟ್ಟಿ ಬರೆಯುವ ಕೆಲಸವನ್ನು ನಾನೇ ಕೇಳಿ ಇಟ್ಟುಕೊಂಡಿದ್ದೇನೆ. ಆ ಪ್ರಮಾಣಪತ್ರ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಇಬ್ಬರಲ್ಲಿ ಯಾರೂ ಒಯ್ಯಲಿಲ್ಲ.